ಎಣ್ಣೆಯೊಳಗಿನ ಎಳ್ಳು



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಳ್ಳುವುದು ರೂಢಿ. ಇಂದು ನಾನು ಅಡುಗೆಮನೆಯ ಒಂದು ಪದವನ್ನು ಎತ್ತಿಕೊಂಡಿದ್ದೇನೆ: ಎಣ್ಣೆ. ಒಗ್ಗರಣೆಗೆ, ದೀಪಕ್ಕೆ, ತಲೆಗೆ, ಬಾಗಿಲ ತಿರುಗಣೆಗೆ, ಬಂಡಿಯ ಅಚ್ಚಿಗೆ ಬೇಕಾದ ಈ ವಸ್ತುವಿನ ಹೆಸರು ದಿನಕ್ಕೆ ಹಲವು ಸಲ ನಮ್ಮ ಬಾಯಲ್ಲಿ ಬಂದುಹೋಗುತ್ತದೆ. ಅಷ್ಟು ಬಳಸಿ ನುಣುಪಾದ ಪದವಾದ್ದರಿಂದಲೇ ಅದರಲ್ಲಿ ಬೆಸುಗೆ ಇದೆಯೆಂದು ಯಾರಿಗೂ ತೋರುವುದಿಲ್ಲ. ಆದರೆ ಬೆಸುಗೆ ಇದೆ. ಎಳ್ ಎಂಬುದೊಂದು, ನೆಯ್ ಎಂಬುದೊಂದು, ಎರಡು ಪದ ಕೂಡಿ ಎಣ್ಣೆಯಾಗಿದೆ. ಎಳ್ಳಿನ ನೆಯ್ ಎಂಬುದೇ ಅದರ ಹುಟ್ಟಿನ ಅರ್ಥ. ಹಾಗಿದ್ದ ಮೇಲೆ ಕೊಬ್ಬರಿ ಎಣ್ಣೆ ಹೇಗಾಯಿತು? ಹರಳೆಣ್ಣೆ ಹೇಗಾಯಿತು? ನೆಲದಡಿಯಿಂದ ತೆಗೆದ ಸೀಮೆಎಣ್ಣೆಗೂ ಎಳ್ಳಿಗೂ ಎಲ್ಲಿಯ ನಂಟು? ಎಲ್ಲಕ್ಕಿಂತ ವಿಚಿತ್ರವಾದದ್ದು ಎಳ್ಳೆಣ್ಣೆ: ಆ ಒಂದು ಪದದಲ್ಲಿ ಎಳ್ಳು ಎರಡು ಸಲ ಕೂತಿದೆ. ಇದನ್ನು ಭಾಷೆಯ ಮರೆವು, ಸವಕಲು, ಅಜಾಗ್ರತೆ ಎಂದು ಕರೆಯುವವರಿದ್ದಾರೆ. ಪದವೊಂದು ತನ್ನ ಹುಟ್ಟನ್ನು ಮರೆಯುವುದು ಅದು ಬೆಳೆಯಲು ತೆತ್ತ ಬೆಲೆ ಎಂಬುದು ನನ್ನ ವಾದ. ಎಳ್ಳನ್ನು ಮರೆಯದೆ ಹೋಗಿದ್ದರೆ ಎಣ್ಣೆ ಎಂಬ ಪದ ಇಷ್ಟು ಕೆಲಸಕ್ಕೆ ಒದಗುತ್ತಿರಲಿಲ್ಲ.

ಮೊದಲು ಬೆಸುಗೆಯನ್ನು ನೋಡೋಣ. ಎಳ್ ಎಂಬ ಪದದ ಕೊನೆಯಲ್ಲಿ ಳಕಾರವಿದೆ, ನೆಯ್ ಎಂಬುದರ ಮೊದಲಲ್ಲಿ ನಕಾರವಿದೆ. ಇವೆರಡೂ ಎದುರಾದಾಗ ನಾಲಿಗೆ ಒಂದೇ ಜಾಗದಲ್ಲಿ ನಿಂತು ಣ್ಣ ಎಂಬ ದ್ವಿತ್ವವನ್ನು ಹುಟ್ಟಿಸುತ್ತದೆ. ಇದು ಈ ಒಂದು ಪದಕ್ಕಾಗಿ ಕಟ್ಟಿದ ವಿವರಣೆಯಾಗಿದ್ದರೆ ಅನುಮಾನಿಸಬಹುದಿತ್ತು. ಆದರೆ ಪಕ್ಕದ ಗಡಿಗೆಯಲ್ಲೇ ಇನ್ನೊಂದು ಸಾಕ್ಷಿ ಇದೆ: ಬೆಣ್ಣೆ. ಬೆಳ್ ಎಂದರೆ ಬಿಳಿ. ಬೆಳ್ಳಿ, ಬೆಳ್ಳಗೆ, ಬೆಳ್ಳುಳ್ಳಿ ಎಂಬಲ್ಲೆಲ್ಲ ಇರುವ ಬೆಳ್ ಅದೇ. ಬೆಳ್ ಮತ್ತು ನೆಯ್ ಕೂಡಿ ಬೆಣ್ಣೆ, ಎಳ್ ಮತ್ತು ನೆಯ್ ಕೂಡಿ ಎಣ್ಣೆ. ಒಂದೇ ಅಚ್ಚಿನಲ್ಲಿ ತೆಗೆದ ಎರಡು ಪದಗಳು ಇವು. ತಮಿಳಿನಲ್ಲಿ ಇವು ಎಣ್ಣೆಯ್, ವೆಣ್ಣೆಯ್ ಎಂದು ಕೊನೆಯ ಯಕಾರವನ್ನೂ ಉಳಿಸಿಕೊಂಡಿವೆ. ಮಲಯಾಳದಲ್ಲಿ ಎಣ್ಣ, ವೆಣ್ಣ ಎಂದಾಗಿವೆ. ನಮ್ಮಲ್ಲಿ ಯಕಾರ ಉದುರಿ ಎಕಾರ ಉಳಿಯಿತು, ಬಡಗಣ ಕರ್ನಾಟಕದ ಆಡುಮಾತಿನಲ್ಲಿ ಆ ಎಕಾರವೂ ಇಕಾರವಾಗಿ ಎಣ್ಣಿ, ಬೆಣ್ಣಿ ಎಂದಾಯಿತು. ನಾಲ್ಕು ಕಡೆಯ ರೂಪಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಬೆಸುಗೆಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ರೂಪವನ್ನು ನೋಡುತ್ತ ಕೂತರೆ ಕಾಣುವುದಿಲ್ಲ.

ನೆಯ್ ಎಂದರೇನು? ಇಂದಿನ ತಮಿಳರು ನೆಯ್ ಎಂದರೆ ತುಪ್ಪ ಎನ್ನುತ್ತಾರೆ, ತೆಲುಗರ ನೆಯ್ಯಿಯೂ ತುಪ್ಪವೇ. ಹಳಗನ್ನಡದಲ್ಲಿಯೂ ಆ ಪದ ಇತ್ತು. ಆದರೆ ಅದರ ಹಳೆಯ ಹರವು ತುಪ್ಪಕ್ಕಿಂತ ದೊಡ್ಡದು. ಜಿಡ್ಡಿರುವುದು, ಅಂಟುವುದು, ಮಂದವಾಗಿ ಹರಿಯುವುದು ಎಲ್ಲವೂ ನೆಯ್. ಹಳೆಯ ತಮಿಳಿನಲ್ಲಿ ಜೇನಿಗೂ ನೆಯ್ ಎನ್ನುವುದಿತ್ತು. ಅದು ವಿಚಿತ್ರವೆಂದು ತೋರಿದರೆ ನಮ್ಮದೇ ಮಾತನ್ನು ನೋಡಿಕೊಳ್ಳಬೇಕು: ಜೇನಿನ ರಸವನ್ನು ನಾವು ಜೇನುತುಪ್ಪ ಎನ್ನುತ್ತೇವೆ, ಅದರಲ್ಲಿ ಹಸುವಿನದಾಗಲಿ ಎಮ್ಮೆಯದಾಗಲಿ ಹನಿ ಕೊಬ್ಬಿಲ್ಲ. ಪದ ಬದಲಾದರೂ ಕಲ್ಪನೆ ಉಳಿದಿದೆ. ಬೆಣ್ಣೆ ಎಂಬ ಹೆಸರೂ ಇದಕ್ಕೆ ಪೂರಕವಾಗಿದೆ. ಬೆಣ್ಣೆ ಮೊದಲು, ತುಪ್ಪ ಆಮೇಲೆ; ಕಡೆದರೆ ಬೆಣ್ಣೆ, ಕಾಯಿಸಿದರೆ ತುಪ್ಪ. ಆದರೆ ಹೆಸರಿಡುವಾಗ ಕ್ರಮ ತಲೆಕೆಳಗಾಗಿದೆ. ಹೊಂಬಣ್ಣದ ನೆಯ್ಯೇ ಅಳತೆಗೋಲು, ಬಣ್ಣ ಬೇರೆಯಾದ್ದರಿಂದ ಬೆಣ್ಣೆ ಬಿಳಿಯ ನೆಯ್. ಹಾಗೆಯೇ ಹಾಲಿನ ಹಂಗಿಲ್ಲದೆ ಒಂದು ಕಾಳಿನಿಂದ ಜಿಡ್ಡು ಒಸರಿದಾಗ ಅದಕ್ಕೆ ಎಳ್ಳಿನ ನೆಯ್ ಎಂಬ ಹೆಸರು ಬಂತು. ಹಟ್ಟಿಯ ಪದವನ್ನು ಹೊಲದ ಬೆಳೆಗೆ ತೊಡಿಸಿದ ಹಾಗಾಯಿತು. ಸಂಸ್ಕೃತದ ಸ್ನೇಹ ಎಂಬ ಪದವೂ ಇದೇ ಬಗೆಯದು: ಅಂಟಿಕೊಳ್ಳುವುದು ಎಂಬ ಮೂಲದಿಂದ ಹೊರಟು ಎಣ್ಣೆ ಎಂಬ ಅರ್ಥವನ್ನೂ ಒಲವು ಎಂಬ ಅರ್ಥವನ್ನೂ ಪಡೆಯಿತು. ನಾವು ಒಲವನ್ನು ಮಾತ್ರ ನಿತ್ಯದ ಮಾತಿಗೆ ತೆಗೆದುಕೊಂಡು ಎಣ್ಣೆಯನ್ನು ವೈದ್ಯರಿಗೆ ಬಿಟ್ಟುಕೊಟ್ಟೆವು.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರುವುದು ಒಳ್ಳೆಯದು. ಧ್ವನಿ ಹೊಂದಿದ ಮಾತ್ರಕ್ಕೆ ವ್ಯುತ್ಪತ್ತಿ ಸಿದ್ಧವಾಗುತ್ತದೆಯೆ? ಒಡೆದು ಅರ್ಥ ಹಚ್ಚುವ ಚಪಲಕ್ಕೆ ಕೊನೆಯಿಲ್ಲ. ಯಾವ ಪದವನ್ನಾದರೂ ಎರಡು ತುಂಡು ಮಾಡಿ ಒಂದು ಕತೆ ಹೇಳಬಹುದು. ಈ ಆಕ್ಷೇಪಕ್ಕೆ ಉತ್ತರ ತೆಲುಗಿನಿಂದ ಬರುತ್ತದೆ. ತೆಲುಗಿನಲ್ಲಿ ಎಳ್ಳಿಗೆ ಎಳ್ ಎನ್ನುವುದಿಲ್ಲ, ನುವ್ವು ಎನ್ನುತ್ತಾರೆ. ಎಣ್ಣೆಗೆ ನೂನೆ ಎನ್ನುತ್ತಾರೆ. ನುವ್ವು ಮತ್ತು ನೆಯ್ಯಿ ಕೂಡಿ ನೂನೆ. ಎಳ್ಳಿನ ಹೆಸರು ಬೇರೆಯಾದಾಗ ಎಣ್ಣೆಯ ಹೆಸರಿನ ಮೊದಲ ಭಾಗವೂ ಅದಕ್ಕೆ ಸರಿಯಾಗಿ ಬೇರೆಯಾಗಿದೆ, ಎರಡನೆಯ ಭಾಗ ಮಾತ್ರ ಒಂದೇ. ಕಾಕತಾಳೀಯವಾಗಿ ಹೀಗಾಗಲಾರದು. ಒಂದು ಗಣಿತದ ಸಮೀಕರಣದಲ್ಲಿ ಒಂದು ಸಂಖ್ಯೆಯನ್ನು ಬದಲಿಸಿದಾಗ ಫಲಿತವೂ ಅದಕ್ಕೆ ತಕ್ಕಂತೆ ಬದಲಾದರೆ ಸೂತ್ರ ಸರಿಯಾಗಿದೆ ಎಂದು ನಂಬುತ್ತೇವಲ್ಲ, ಇದು ಅಂಥದು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಬೆಣ್ಣೆಗೆ ತೆಲುಗಿನಲ್ಲಿ ವೆನ್ನ ಎನ್ನುತ್ತಾರೆ, ಅದು ನಮ್ಮ ಪದದ ಒಡಹುಟ್ಟು. ಆದರೆ ನೂನೆ ಎಣ್ಣೆಯ ಒಡಹುಟ್ಟಲ್ಲ, ಅದೇ ಆಲೋಚನೆಯ ಬೇರೊಂದು ಸೃಷ್ಟಿ. ಎಂದರೆ ಎಳ್ಳಿನ ಜಿಡ್ಡನ್ನು ನೆಯ್ ಎಂದು ಕರೆಯುವ ಬುದ್ಧಿ ದ್ರಾವಿಡ ಭಾಷೆಗಳಲ್ಲಿ ಎರಡು ಕಡೆ ಹೊಳೆದಿದೆ.

ದ್ರಾವಿಡದ ಆಚೆಗೂ ಹೋಗೋಣ. ಸಂಸ್ಕೃತದಲ್ಲಿ ತಿಲ ಎಂದರೆ ಎಳ್ಳು, ತೈಲ ಎಂದರೆ ಎಳ್ಳಿನದು. ಆ ತೈಲವೂ ಬಹುಬೇಗ ಎಳ್ಳನ್ನು ಮರೆಯಿತು. ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದವರ ಹೊತ್ತಿಗಾಗಲೇ ಸಾಸಿವೆಯ ತೈಲ, ಹರಳಿನ ತೈಲ ಎಂಬ ಪ್ರಯೋಗಗಳು ಎಷ್ಟು ಸಹಜವಾಗಿದ್ದವೆಂದರೆ, ಅಲ್ಲಿ ತೈಲ ಎಂಬುದನ್ನು ಎಣ್ಣೆ ಎಂಬ ಅರ್ಥ ಕೊಡುವ ಒಂದು ಪ್ರತ್ಯಯದಂತೆಯೇ ವಿಧಿಸಬೇಕಾಯಿತು. ತಿಲತೈಲ ಎಂಬ ಪದವೂ ಬಂತು. ಅದು ನಮ್ಮ ಎಳ್ಳೆಣ್ಣೆಯ ಹಾಗೆಯೇ ಎಳ್ಳನ್ನು ಎರಡು ಸಲ ಹೇಳುತ್ತದೆ. ಹಿಂದಿಯ ತೇಲ್ ಅದೇ ಪದದ ಸವೆದ ರೂಪ, ಸಾಸಿವೆ ಎಣ್ಣೆಯನ್ನೇ ಹೆಚ್ಚಾಗಿ ಬಳಸುವ ಬಂಗಾಳ ಬಿಹಾರಗಳಲ್ಲೂ ಎಣ್ಣೆಯ ಹೆಸರಿನಲ್ಲಿ ಎಳ್ಳೇ ಅಡಗಿದೆ. ಎಳ್ಳೆಣ್ಣೆ ಮುಖ್ಯವಲ್ಲದ ಕಡೆ ಏನಾಯಿತು? ಗ್ರೀಕರಲ್ಲಿ ಆಲಿವ್ ಮರಕ್ಕೆ ಎಲಾಯಿಯ ಎಂದು ಹೆಸರು, ಅದರ ಎಣ್ಣೆ ಎಲಾಯಿಯೋನ್. ಲ್ಯಾಟಿನ್ನಿನಲ್ಲಿ ಅದು ಓಲಿಯಮ್ ಆಗಿ, ಅಲ್ಲಿಂದ ಇಂಗ್ಲಿಷಿನ ಆಯಿಲ್ ಆಯಿತು. ಪೆಟ್ರೋಲಿಯಂ ಎಂದರೆ ಹುಟ್ಟಿನ ಅರ್ಥದಲ್ಲಿ ಬಂಡೆಯ ಆಲಿವ್ ರಸ. ಹೀಗೆ ಒಂದೊಂದು ನಾಡೂ ತನ್ನ ಮನೆಯಲ್ಲಿ ಮೊದಲು ನೆಲೆಗೊಂಡ ಎಣ್ಣೆಯ ಹೆಸರನ್ನೇ ಎಲ್ಲ ಎಣ್ಣೆಗೂ ಕೊಟ್ಟಿದೆ. ಈ ಮರೆವು ಕನ್ನಡದ್ದು ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೂ ಎಚ್ಚರ ಬೇಕು. ಒಂದು ಪದದಿಂದ ಒಂದು ನಾಡಿನ ಇಡೀ ಬೇಸಾಯದ ಚರಿತ್ರೆಯನ್ನು ಹಿಂಡುವುದು ಸರಿಯೆ ಎಂದು ಇತಿಹಾಸಕಾರರು ಕೇಳಬಹುದು. ಎಳ್ಳೆಣ್ಣೆಗೆ ಮೊದಲು ಹೆಸರು ಬಂತು ಎಂದರೆ ಅದೇ ಮುಖ್ಯವಾಗಿತ್ತು ಎಂದಾಗುವುದೆ? ಪದ ಒಂದೇ ಸಾಕ್ಷಿಯಾಗಿದ್ದರೆ ನಾನೂ ಹಿಂಜರಿಯುತ್ತಿದ್ದೆ. ಬೇರೆ ಸಾಕ್ಷಿಗಳಿವೆ. ಎಳ್ಳು ಈ ಉಪಖಂಡದಲ್ಲೇ ಕೃಷಿಗೆ ಒಳಪಟ್ಟ ಬೆಳೆ. ಅದರ ಕಾಡುಬಂಧು ಪಶ್ಚಿಮ ಕರಾವಳಿಯಲ್ಲಿ ಇಂದಿಗೂ ತಾನಾಗಿ ಬೆಳೆಯುತ್ತದೆ, ಸಸ್ಯಶಾಸ್ತ್ರಜ್ಞರು ಅದಕ್ಕೆ ಮಲಬಾರಿನ ಹೆಸರನ್ನೇ ಇಟ್ಟಿದ್ದಾರೆ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಕಲಾದ ಎಳ್ಳಿನ ಮುದ್ದೆ ದೊರೆತಿದೆ, ಸುಮಾರು 4,000 ವರ್ಷ ಹಿಂದಿನದು. ಇನ್ನು ಭಾಷೆಯೊಳಗಿನ ಸಾಕ್ಷಿ: ಇಥಿಯೋಪಿಯದ ಕಡೆಯಿಂದ ಬಂದ ಹಳದಿ ಹೂವಿನ ಒಂದು ಎಣ್ಣೆಕಾಳಿಗೆ ನಮ್ಮ ರೈತರು ಹುಚ್ಚೆಳ್ಳು ಎಂದರು, ಬಡಗಣದವರು ಗುರೆಳ್ಳು ಎಂದರು. ಸಸ್ಯವಾಗಿ ಅದಕ್ಕೂ ಎಳ್ಳಿಗೂ ಯಾವ ನಂಟೂ ಇಲ್ಲ, ಅದು ಸೂರ್ಯಕಾಂತಿಯ ಬಳಗದ್ದು. ಹೊಸ ಎಣ್ಣೆಕಾಳು ಬಂದಾಗ ಅದನ್ನು ಅಳೆಯಲು ಎಳ್ಳೇ ಮಾನ. ಎಣ್ಣೆಗೆ ಎಳ್ಳು ಹೆಸರು ಕೊಟ್ಟಂತೆಯೇ ಎಣ್ಣೆಕಾಳಿಗೂ ಕೊಟ್ಟಿದೆ. ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಸಾಕ್ಷಿ ಕೇರಳದ್ದು. ಅಲ್ಲಿ ತೆಂಗು ಅನ್ನ ನೀರಿನಷ್ಟು ಸಾಮಾನ್ಯ, ಅಡುಗೆಯ ಎಣ್ಣೆ ಎಂದರೆ ತೆಂಗಿನದೇ. ಅದಕ್ಕೆ ಮಲಯಾಳಿಗಳು ವೆಳಿಚ್ಚೆಣ್ಣ ಎನ್ನುತ್ತಾರೆ. ವೆಳಿಚ್ಚದ, ಎಂದರೆ ಬೆಳಕಿನ ಎಣ್ಣೆ. ತೆಂಗಿನ ನಾಡಿನಲ್ಲೂ ತೆಂಗಿನೆಣ್ಣೆಯ ಹೆಸರಿನೊಳಗೆ ಎಳ್ಳು ಕೂತಿರಬೇಕಾದರೆ, ಎಣ್ಣೆ ಎಂಬ ಪದ ಆ ಎಣ್ಣೆಗಿಂತ ಮುಂಚೆಯೇ ಅಲ್ಲಿಯ ಮಾತಿನಲ್ಲಿ ನೆಲೆಯೂರಿತ್ತು ಎನ್ನಬೇಕು.

ಇದೇ ಹುರುಪಿನಲ್ಲಿ ಇನ್ನೂ ದೂರ ಹೋಗುವವರಿದ್ದಾರೆ. ಬ್ಯಾಬಿಲೋನಿಯದ ಅಕ್ಕಾಡಿಯನ್ ಭಾಷೆಯಲ್ಲಿ ಎಳ್ಳೆಣ್ಣೆಗೆ ಎಲ್ಲು ಎಂಬ ಹೆಸರಿರುವುದರಿಂದ, ನಮ್ಮ ಎಳ್ಳೇ ಸಮುದ್ರ ದಾಟಿ ಅಲ್ಲಿಗೆ ಹೋಗಿ ಹೆಸರನ್ನೂ ಕೊಟ್ಟಿತೆಂಬ ವಾದ ಅದು. ಕೇಳಲು ಹಿತವಾಗಿದೆ; ನಾನು ಅದನ್ನು ಆಧಾರವಾಗಿ ಬಳಸಲಾರೆ. ಅಕ್ಕಾಡಿಯನ್ನಿನಲ್ಲೇ ಎಲ್ಲು ಎಂದರೆ ಶುದ್ಧ, ತಿಳಿ ಎಂಬ ಅರ್ಥವಿದೆ. ತಿಳಿಯಾದ ಎಣ್ಣೆಯನ್ನು ತಿಳಿಯಾದದ್ದು ಎಂದು ಕರೆದರೆ ಅದಕ್ಕೆ ಹೊರಗಿನ ಸಾಲ ಬೇಕಿಲ್ಲ. ತೆಲುಗಿನ ಸಾಕ್ಷಿ ಗಟ್ಟಿಯಾಗಿರುವುದಕ್ಕೆ ಕಾರಣ ಅಲ್ಲಿ ಧ್ವನಿ ಬೇರೆಯಾಗಿದ್ದೂ ರಚನೆ ಒಂದಾಗಿರುವುದು. ಇಲ್ಲಿ ಧ್ವನಿಯ ಹೋಲಿಕೆಯನ್ನು ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ನಾಡಿನ ಶಾಸನಗಳಿಗೆ ಬಂದರೆ ಎಣ್ಣೆ ಅಡುಗೆಮನೆಗಿಂತ ಹೆಚ್ಚಾಗಿ ಗುಡಿಯ ದೀಪದಲ್ಲಿ ಕಾಣುತ್ತದೆ. ನಂದಾದೀವಿಗೆಗೆ ಇಷ್ಟು ಎಣ್ಣೆ, ಸೊಡರೆಣ್ಣೆಗೆ ಇಂಥ ಗಾಣ, ಗಾಣಕ್ಕೆ ಇಷ್ಟು ತೆರೆ ಎಂಬ ಬಗೆಯ ಮಾತುಗಳು ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ದತ್ತಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಎಣ್ಣೆ ತೆಗೆಯುವವರ ಕೂಟಕ್ಕೆ ತೆಲ್ಲಿಗ ಎಂಬ ಹೆಸರು, ತೆಲ್ಲಿಗರೈವತ್ತೊಕ್ಕಲು ಎಂದು ಅವರ ಸಂಘವನ್ನು ಹೇಳುವುದುಂಟು. ತೆಲ್ಲಿಗ ಬಂದದ್ದು ತೈಲದಿಂದ, ತೈಲ ತಿಲದಿಂದ. ತೆಲ್ಲಿಗನು ಎಣ್ಣೆಯನ್ನು ಕೊಟ್ಟನು ಎಂದು ಕಲ್ಲಿನ ಮೇಲೆ ಕೆತ್ತಿದಾಗ ಮಾಡುವವನ ಹೆಸರಿನಲ್ಲಿ ಸಂಸ್ಕೃತದ ಎಳ್ಳು, ವಸ್ತುವಿನ ಹೆಸರಿನಲ್ಲಿ ಕನ್ನಡದ ಎಳ್ಳು, ಎರಡೂ ಒಂದೇ ಸಾಲಿನಲ್ಲಿ ಪರಸ್ಪರ ಗುರುತಿಲ್ಲದೆ ನಿಂತಿರುತ್ತವೆ. ಅದೇ ಕಸುಬಿನವರಿಗೆ ಗಾಣಿಗ ಎಂಬ ಹೆಸರೂ ಇದೆ. ಅದು ಯಂತ್ರದಿಂದ ಬಂದದ್ದು, ಹೀಗಾಗಿ ಯಾವ ಕಾಳಿಗೂ ಕಟ್ಟುಬೀಳಲಿಲ್ಲ. 12ನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನಿದ್ದಾನೆ. ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡು ವಚನ ನುಡಿದ ಆ ಪರಂಪರೆಯಿಂದಾಗಿ ಗಾಣವೆಂಬ ಪದಕ್ಕೆ ನಮ್ಮ ಸಾಹಿತ್ಯದಲ್ಲೂ ಒಂದು ಗೌರವದ ಪೀಠ ಸಿಕ್ಕಿತು.

ಈಗ ಮುಖ್ಯ ಪ್ರಶ್ನೆ. ಎಣ್ಣೆಯ ಬೆಸುಗೆ ನಮಗೆ ಕಾಣದಂತಾದದ್ದು ಹೇಗೆ? ಒಂದು ಕಾರಣವನ್ನು ಆಗಲೇ ಹೇಳಿದೆ: ಸಂಧಿಯಲ್ಲಿ ಎಳ್ಳಿನ ಳಕಾರವೂ ಹೋಯಿತು, ನೆಯ್ಯ ನಕಾರವೂ ಹೋಯಿತು. ಹರಳೆಣ್ಣೆ, ಬೇವಿನೆಣ್ಣೆ ಎಂಬಲ್ಲಿ ಹರಳು, ಬೇವು ಕಣ್ಣಿಗೆ ಬೀಳುತ್ತವೆ. ಎಣ್ಣೆಯಲ್ಲಿ ಎಳ್ಳು ಬೀಳುವುದಿಲ್ಲ. ಆದರೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕಾರಣ ಒಂದಿದೆ, ಅದು ತಮಿಳು ತೆಲುಗುಗಳಲ್ಲಿ ಇಲ್ಲ. ಕನ್ನಡದಲ್ಲಿ ನೆಯ್ ಎಂಬ ಪದವೇ ಬಳಕೆಯಿಂದ ಎದ್ದುಹೋಯಿತು, ಅದರ ಜಾಗದಲ್ಲಿ ತುಪ್ಪ ಕೂತಿತು. ತುಪ್ಪ ಹೊಸ ಪದವೇನಲ್ಲ. ಸಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತದ ಗಾಥಾಸಪ್ತಶತಿಯಲ್ಲಿ ತುಪ್ಪ ಎಂಬ ಪದ ಬರುವುದನ್ನು ಕನ್ನಡದ ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿ, ಆ ಪ್ರದೇಶದ ದೇಸಿ ಮಾತಿನೊಂದಿಗೆ ಕನ್ನಡಕ್ಕಿದ್ದ ನಂಟಿಗೆ ಸಾಕ್ಷಿಯಾಗಿ ತೋರಿಸಿದ್ದಾರೆ. ಮರಾಠಿಯ ತೂಪ್ ಅದೇ ಪದ. ಹೀಗೆ ತುಪ್ಪದ ವಿಷಯದಲ್ಲಿ ಕನ್ನಡ ತೆಂಕಣ ನೆರೆಯವರನ್ನು ಬಿಟ್ಟು ಬಡಗಣ ನೆರೆಯವರ ಜೊತೆ ಸೇರಿಕೊಂಡಿತು. ನೆಯ್ ಯಾಕೆ ಹೋಯಿತು ಎಂಬುದಕ್ಕೆ ಒಂದು ಸುಲಭ ಉತ್ತರವಿದೆ: ಬಟ್ಟೆ ನೇಯುವ ನೆಯ್ ಎಂಬ ಧಾತುವೂ ಇದ್ದುದರಿಂದ ಗೊಂದಲವಾಗಿ ಒಂದನ್ನು ಬಿಟ್ಟರು ಎಂಬುದು. ಇದು ನಿಲ್ಲುವ ಉತ್ತರವಲ್ಲ. ತಮಿಳಿನಲ್ಲೂ ನೇಯುವುದಕ್ಕೆ ನೆಯ್ ಎಂದೇ ಹೆಸರು, ತುಪ್ಪಕ್ಕೂ ನೆಯ್ ಎಂದೇ ಹೆಸರು. ಎರಡೂ ಸಾವಿರಾರು ವರ್ಷ ಜಗಳವಿಲ್ಲದೆ ಬಾಳಿವೆ. ಗೊಂದಲಕ್ಕಿಂತ ನೆರೆಹೊರೆಯೇ ಇಲ್ಲಿ ಹೆಚ್ಚು ಕೆಲಸ ಮಾಡಿದೆ ಎಂದು ನಾನು ಭಾವಿಸುತ್ತೇನೆ. ಕಾರಣ ಏನೇ ಇರಲಿ, ಫಲ ಖಚಿತ: ನೆಯ್ ಹೋದ ಮೇಲೆ ಎಣ್ಣೆಯನ್ನು ಒಡೆಯಲು ಬೇಕಾದ ಕೀಲಿ ಕನ್ನಡಿಗನ ಕೈಯಲ್ಲಿ ಉಳಿಯಲಿಲ್ಲ. ಎಣ್ಣೆ, ಬೆಣ್ಣೆ ಎರಡೂ ಒಡೆಯಲಾಗದ ಇಡೀ ಪದಗಳಾದವು.

ಒಡೆಯಲಾಗದ ಪದವಾದ ಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು, ಹೋಯಿತು. ಹೊಂಗೆ, ಹಿಪ್ಪೆ, ಬೇವು, ಹರಳು, ಕುಸುಬೆ, ಅಗಸೆ, ಕೊಬ್ಬರಿ, ಎಲ್ಲದರ ಜಿಡ್ಡೂ ಎಣ್ಣೆಯಾಯಿತು. ಹರಳೆಣ್ಣೆಯನ್ನು ಬಡಗಣದಲ್ಲಿ ಔಡಲೆಣ್ಣಿ ಎಂದರು. ಗಿಡದ ಹೆಸರು ಬದಲಾದರೂ ಎಣ್ಣೆ ಬದಲಾಗಲಿಲ್ಲ. ದಕ್ಷಿಣ ಅಮೆರಿಕದ ಮೂಲದ ಕಡಲೆಕಾಯಿ ಬಂತು, ಶೇಂಗಾ ಎಣ್ಣೆ ಬಂತು. 1969ರಲ್ಲಿ ಸೋವಿಯತ್ ಒಕ್ಕೂಟದ ತಳಿಗಳೊಂದಿಗೆ ಎಣ್ಣೆಬೆಳೆಯಾಗಿ ಈ ದೇಶಕ್ಕೆ ಬಂದ ಸೂರ್ಯಕಾಂತಿ ನಮ್ಮ ಬಯಲುಸೀಮೆಯ ಕಪ್ಪುನೆಲದಲ್ಲಿ ಹರಡಿದಾಗ ಸೂರ್ಯಕಾಂತಿ ಎಣ್ಣೆ ಎನ್ನಲು ಯಾರೂ ಒಂದು ಗಳಿಗೆ ತಡವರಿಸಲಿಲ್ಲ. ಅದಕ್ಕೂ ಮೊದಲು, ದೀಪ ಉರಿಸಲು ಹಡಗಿನಲ್ಲಿ ಬಂದ ಕಲ್ಲೆಣ್ಣೆಗೆ ಹೆಸರಿಡಬೇಕಾಗಿ ಬಂದಾಗ ತಮಿಳರು ಮಲಯಾಳಿಗಳು ಮಣ್ಣಿನ ಎಣ್ಣೆ ಎಂದರು, ಹಿಂದಿಯವರೂ ಮಣ್ಣಿನ ತೇಲ್ ಎಂದರು. ಕನ್ನಡಿಗರು ಅದು ಎಲ್ಲಿಂದ ಅಗೆದದ್ದು ಎಂದು ಕೇಳದೆ ಎಲ್ಲಿಂದ ಬಂದದ್ದು ಎಂದು ಕೇಳಿ ಸೀಮೆಎಣ್ಣೆ ಎಂದರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಇದ್ದ ಸಾಲಿಗೇ ಇದೂ ಸೇರಿತು. ಕರಾವಳಿಯಲ್ಲಿ, ಬಡಗಣದಲ್ಲಿ ಅದನ್ನು ಉರಿಸುವ ದೀಪದಿಂದ ಚಿಮಣಿ ಎಣ್ಣೆ ಎಂದರು. ಹುಟ್ಟಿದ ಜಾಗ, ಬಂದ ದೇಶ, ಉರಿಯುವ ದೀಪ, ಹೀಗೆ ಗುರುತು ಮೂರು ಬಗೆಯಾದರೂ ಹೊತ್ತದ್ದು ಎಳ್ಳಿನ ನೆಯ್ ಎಂಬ ಹಳೆಯ ಪದವೇ. ಎಳ್ಳಿನ ಗುರುತು ಉಳಿದಿದ್ದರೆ ಈ ಹೊರೆಯನ್ನು ಅದು ಹೊರಲಾಗುತ್ತಿರಲಿಲ್ಲ. ಬೆಣ್ಣೆಯನ್ನು ನೋಡಿ: ಅದೂ ಒಡೆಯಲಾಗದ ಪದವೇ, ಆದರೆ ಅದು ಹೆಸರಿಸುವ ವಸ್ತು ಎಣ್ಣೆಯಷ್ಟು ಬಗೆಬಗೆಯಾಗಲಿಲ್ಲ, ಹೀಗಾಗಿ ಪದವೂ ಇದ್ದಲ್ಲೇ ಉಳಿಯಿತು. ಬೆಸುಗೆ ಮುಚ್ಚುವುದು ಪದ ಬೆಳೆಯಲು ದಾರಿ ಬಿಡುತ್ತದೆ, ಬೆಳೆಸುವುದು ಬದುಕಿನ ಅಗತ್ಯ.

ಭಾಷಾಶುದ್ಧಿಯ ಕಾಳಜಿಯುಳ್ಳವರು ಇಲ್ಲಿ ಕೇಳುತ್ತಾರೆ: ಎಳ್ಳೆಣ್ಣೆ ಪುನರುಕ್ತಿದೋಷವಲ್ಲವೆ? ಸೀಮೆಎಣ್ಣೆ ಅರ್ಥವಿರೋಧವಲ್ಲವೆ? ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಪುನರುಕ್ತಿ ಎಂಬುದು ಆಡುವವನು ಒಂದೇ ಅರ್ಥವನ್ನು ಎರಡು ಸಲ ಆಡಿದಾಗ ಆಗುವ ದೋಷ. ಎಳ್ಳೆಣ್ಣೆ ಎನ್ನುವವನು ಎಳ್ಳನ್ನು ಒಂದೇ ಸಲ ಆಡುತ್ತಿದ್ದಾನೆ. ಇನ್ನೊಂದು ಸಲ ಆಡಿದವರು ಅವನಿಗಿಂತ ಎಷ್ಟೋ ತಲೆಮಾರು ಮುಂಚಿನವರು. ಅವರ ಮಾತಿನ ಲೆಕ್ಕವನ್ನು ಇವನ ತಲೆಗೆ ಕಟ್ಟುವುದು ನ್ಯಾಯವಲ್ಲ. ವ್ಯುತ್ಪತ್ತಿಯೇ ಸರಿಯಾದ ಅರ್ಥ ಎಂದು ಹಟ ಹಿಡಿದರೆ ಕೊಬ್ಬರಿ ಎಣ್ಣೆಯನ್ನೂ ಬಿಡಬೇಕು, ತೈಲವೆಂಬ ಸಂಸ್ಕೃತ ಪದವನ್ನೂ ಬಿಡಬೇಕು, ಕೊನೆಗೆ ಬೇರೆ ಯಾವ ಪದವೂ ಉಳಿಯುವುದಿಲ್ಲ. ವ್ಯುತ್ಪತ್ತಿಯಿಂದ ತಿಳಿಯುವುದು ಪದ ಎಲ್ಲಿಂದ ಹೊರಟಿತು ಎಂಬುದು. ಅದು ಈಗ ಎಲ್ಲಿದೆ ಎಂಬುದನ್ನು ಆಡುವವರನ್ನೇ ಕೇಳಬೇಕು.

ಹಾಗಾದರೆ ಎಳ್ಳೆಣ್ಣೆಗೆ ಆದ ಗತಿಯೇನು? ತನ್ನ ಹೆಸರನ್ನು ಊರಿಗೆಲ್ಲ ಹಂಚಿದ ಮೇಲೆ ತಾನೇ ಹೆಸರಿಲ್ಲದೆ ನಿಂತಿತು. ಆಗ ಅದಕ್ಕೆ ಹೊಸ ಗುರುತು ಬೇಕಾಯಿತು. ಇಲ್ಲಿ ನನ್ನನ್ನು ಬಹಳವಾಗಿ ಸೆಳೆಯುವ ಸಂಗತಿ ಒಂದಿದೆ. ತಮಿಳರು ಎಳ್ಳ ಎಣ್ಣೆಯನ್ನು ನಲ್ಲೆಣ್ಣೆಯ್ ಎನ್ನುತ್ತಾರೆ, ಮಲಯಾಳಿಗಳು ನಲ್ಲೆಣ್ಣ ಎನ್ನುತ್ತಾರೆ, ತೆಲುಗರು ಮಂಚಿ ನೂನೆ ಎನ್ನುತ್ತಾರೆ, ನಮ್ಮ ಹಳೆ ಮೈಸೂರಿನ ಕಡೆ ಒಳ್ಳೆಣ್ಣೆ ಎನ್ನುತ್ತಾರೆ. ನಾಲ್ಕು ಭಾಷೆಗಳಲ್ಲೂ ಒಂದೇ ಮಾತು: ಒಳ್ಳೆಯ ಎಣ್ಣೆ. ಹುಟ್ಟನ್ನು ಮರೆತ ಮೇಲೂ ಮೊದಲ ಸ್ಥಾನ ಯಾರದ್ದು ಎಂಬುದನ್ನು ಜನ ಮರೆಯಲಿಲ್ಲ. ಇದು ಆಕಸ್ಮಿಕವಲ್ಲ ಎಂಬುದಕ್ಕೆ ಮೆಣಸಿನ ಕತೆ ಸಾಕ್ಷಿ. ಮೆಣಸು ಎಂದರೆ ಮೊದಲು ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಕಪ್ಪು ಕಾಳು ಮಾತ್ರ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕದ ಖಾರದ ಕಾಯಿ ಬಂದಾಗ ಅದಕ್ಕೆ ಮೆಣಸಿನಕಾಯಿ ಎಂದರು. ಬರಬರುತ್ತ ಎಷ್ಟೋ ಕಡೆ ಬರೀ ಮೆಣಸು ಎಂದರೆ ಈ ಹೊಸ ಕಾಯಿಯೇ ಎಂದಾಗಿ, ಹಳೆಯ ಮೆಣಸು ಕಾಳುಮೆಣಸು, ಕರಿಮೆಣಸು ಎಂಬ ವಿಶೇಷಣ ಹೊರಬೇಕಾಯಿತು. ಕರಾವಳಿಯಲ್ಲಿ ಅದನ್ನು ಒಳ್ಳೆಮೆಣಸು ಎಂದರು, ತುಳುವರು ಎಡ್ಡೆ ಮುಂಚಿ ಎಂದರು, ಮಲಯಾಳದಲ್ಲಿ ನಲ್ಲಮುಳಗು ಎಂದರು. ಎಡ್ಡೆ ಎಂದರೂ ಒಳ್ಳೆಯದೇ, ನಲ್ಲ ಎಂದರೂ ಒಳ್ಳೆಯದೇ. ಹೆಸರು ಹೊಸಬರ ಪಾಲಾದಾಗ ಹಳಬರಿಗೆ ಒಳ್ಳೆಯ ಎಂಬ ವಿಶೇಷಣವನ್ನು ಕೊಡುವುದು ಈ ನಾಡುಗಳ ಜನರ ನ್ಯಾಯಬುದ್ಧಿ ಎಂದು ನಾನು ಓದುತ್ತೇನೆ. ವ್ಯಾಕರಣ ಬರೆದವರು ಯಾರೂ ಇದನ್ನು ವಿಧಿಸಲಿಲ್ಲ; ಸಂತೆಯಲ್ಲಿ ಅಳೆದು ಕೊಡುವವರು, ಒಲೆಯ ಮುಂದೆ ಕೂತವರು ವಿಧಿಸಿದರು.

ಎಳ್ಳಿನ ನೆನಪು ಪದದಲ್ಲಿ ಅಳಿದರೂ ಆಚರಣೆಯಲ್ಲಿ ಉಳಿದಿದೆಯಲ್ಲ ಎಂದು ಕೆಲವರು ತೋರಿಸುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲ, ಪಿತೃಗಳಿಗೆ ಬಿಡುವ ಎಳ್ಳುನೀರು, ಬಡಗಣದ ಎಳ್ಳಮಾವಾಸ್ಯೆ, ಶನಿದೇವರ ಮುಂದಿನ ಎಳ್ಳೆಣ್ಣೆಯ ದೀಪ, ಹಬ್ಬದ ಎಣ್ಣೆನೀರು, ಮದುವೆಯ ಎಣ್ಣೆಶಾಸ್ತ್ರ ಎಲ್ಲವೂ ಕಣ್ಣಮುಂದಿವೆ. ಎಳ್ಳು ನಮ್ಮ ಬದುಕಿನಲ್ಲಿ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಇವು ಸಾಕ್ಷಿ, ಒಪ್ಪುತ್ತೇನೆ. ಆದರೆ ನನ್ನ ವಾದಕ್ಕೆ ಇವನ್ನು ಸ್ವತಂತ್ರ ಸಾಕ್ಷಿಯಾಗಿ ಸೇರಿಸಿಕೊಳ್ಳಲು ಹಿಂಜರಿಯುತ್ತೇನೆ. ಧರ್ಮಶಾಸ್ತ್ರ, ಆಯುರ್ವೇದಗಳಲ್ಲಿ ತಿಲಕ್ಕೂ ತಿಲತೈಲಕ್ಕೂ ಬೇರೆಯೇ ಮನ್ನಣೆಯಿದೆ. ಈ ಆಚರಣೆಗಳಲ್ಲಿ ಎಷ್ಟು ಆ ಗ್ರಂಥಗಳಿಂದ ಇಳಿದು ಬಂದವು, ಎಷ್ಟು ಹೊಲದಿಂದ ಏರಿ ಬಂದವು ಎಂದು ಬಿಡಿಸುವುದು ಪದದ ಬೆಸುಗೆಯನ್ನು ಬಿಡಿಸಿದಷ್ಟು ಸುಲಭವಲ್ಲ. ಒಳ್ಳೆಣ್ಣೆಯಂಥ ಪದಗಳ ಮೇಲೆ ನನಗೆ ಹೆಚ್ಚು ಭರವಸೆ. ಅವನ್ನು ಯಾವ ಗ್ರಂಥವೂ ಕಲಿಸಿಕೊಟ್ಟದ್ದಲ್ಲ.

ಇತ್ತೀಚಿನ ಒಂದು ಅರ್ಥವನ್ನೂ ಬಿಡುವ ಹಾಗಿಲ್ಲ. ಇಂದಿನ ಆಡುಮಾತಿನಲ್ಲಿ, ಸಿನಿಮಾ ಹಾಡುಗಳಲ್ಲಿ ಎಣ್ಣೆ ಎಂದರೆ ಹೆಂಡ, ಸಾರಾಯಿ. ಅದನ್ನು ಕೇಳಿ ಬೇಸರಪಡುವವರ ಬೇಸರ ನನಗೆ ಅರ್ಥವಾಗುತ್ತದೆ. ಎಷ್ಟೋ ಮನೆಗಳ ದೀಪ ಆರಿಸಿದ ವಸ್ತುವಿಗೆ ದೀಪ ಉರಿಸುವ ವಸ್ತುವಿನ ಹೆಸರು ಸಂದಿದೆ. ಆದರೆ ಪದದ ದೃಷ್ಟಿಯಿಂದ ನೋಡಿದರೆ ಇದು ಬೇರೆ ಬಗೆಯ ನಡೆ. ಕೊಬ್ಬರಿ ಎಣ್ಣೆಯಿಂದ ಸೀಮೆಎಣ್ಣೆಯವರೆಗೆ ಪದ ಹಬ್ಬಿದ್ದು ಹೋಲಿಕೆಯಿಂದ: ಜಿಡ್ಡು, ಉರಿ ಎರಡರಲ್ಲಿ ಒಂದಾದರೂ ಸಮಾನವಾಗಿತ್ತು. ಹೆಂಡಕ್ಕೆ ಬಂದದ್ದು ಮರೆಮಾಚುವ ಅಗತ್ಯದಿಂದ. ಎಲ್ಲರ ಮುಂದೆ ಆಡಬಹುದಾದ, ಯಾರೂ ಅನುಮಾನಿಸದ ಮನೆಯ ಪದವೊಂದು ಬೇಕಾಗಿತ್ತು. ಎಣ್ಣೆಗಿಂತ ಮನೆಯ ಪದ ಯಾವುದಿದೆ? ಮರೆ ಎಂದು ಎಲ್ಲರಿಗೂ ತಿಳಿದ ಮೇಲೆ ಮರೆ ಕೆಲಸ ಮಾಡುವುದಿಲ್ಲ, ಹೀಗಾಗಿ ಈ ಅರ್ಥ ಬಹುಕಾಲ ನಿಲ್ಲಲಾರದು ಎಂದು ನನ್ನ ಅಂದಾಜು.

ಕೊನೆಯದಾಗಿ ನೆಯ್ಯ ಕಡೆಗೇ ಹಿಂದಿರುಗುತ್ತೇನೆ, ಏಕೆಂದರೆ 20ನೆಯ ಶತಮಾನದಲ್ಲಿ ಅದೇ ನಾಟಕ ಇನ್ನೊಮ್ಮೆ ನಡೆಯಿತು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿಮಾಡಿದ ಜಿಡ್ಡು ಮಾರುಕಟ್ಟೆಗೆ ಬಂತು. 1937ರಲ್ಲಿ ಡಾಲ್ಡಾ ಬಂದು ಅದರ ಹೆಸರೇ ಆ ಪದಾರ್ಥದ ಹೆಸರಾಗುವಷ್ಟು ಹಬ್ಬಿತು. ಅದಕ್ಕೆ ವನಸ್ಪತಿ ತುಪ್ಪ ಎಂದರು. ಆ ಪದವನ್ನು ಎಣ್ಣೆಯ ಪಕ್ಕದಲ್ಲಿಟ್ಟು ನೋಡಿ. ಎಳ್ ಒಂದು ಸಸ್ಯ, ನೆಯ್ ಜಿಡ್ಡು. ವನಸ್ಪತಿ ಸಸ್ಯ, ತುಪ್ಪ ಹಸುವಿನ ಜಿಡ್ಡು. ಸಾವಿರಾರು ವರ್ಷ ಹಿಂದೆ ಮಾಡಿದ ಸಮಾಸವನ್ನೇ ನಮ್ಮವರು ಅರಿವಿಲ್ಲದೆ ಮತ್ತೆ ಮಾಡಿದರು. ಆದರೆ ಈ ಸಲ ಸಮಾಜ ಸುಮ್ಮನಿರಲಿಲ್ಲ. ತುಪ್ಪವೆಂದು ಹೇಳಿ ತುಪ್ಪವಲ್ಲದ್ದನ್ನು ಮಾರುತ್ತಾರೆ, ಕಲಬೆರಕೆಗೆ ದಾರಿಯಾಗುತ್ತದೆ ಎಂಬ ಆಕ್ರೋಶ ಎದ್ದಿತು. ಗಾಂಧೀಜಿಯವರೂ ವನಸ್ಪತಿಯನ್ನು ವಿರೋಧಿಸಿದರು. ಎಳ್ಳಿನ ನೆಯ್ ಎಂದವರ ಮೇಲೆ ಯಾರಾದರೂ ಹೀಗೆ ಸಿಟ್ಟಾಗಿದ್ದರೆ? ಆಗಿರಲಾರರು, ಏಕೆಂದರೆ ಅಂದಿನ ನೆಯ್ ಜಿಡ್ಡಿಗೆಲ್ಲ ಸಲ್ಲುವ ಅಗಲದ ಪದವಾಗಿತ್ತು. ವನಸ್ಪತಿ ಬರುವ ಹೊತ್ತಿಗೆ ತುಪ್ಪ, ಜೇನುತುಪ್ಪ ಒಂದನ್ನು ಬಿಟ್ಟರೆ, ಹಾಲಿನ ಜಿಡ್ಡಿಗೇ ಕಟ್ಟುಬಿದ್ದ ಪದವಾಗಿತ್ತು. ಒಡೆದು ನೋಡಬಹುದಾದ ಪದವಾದ್ದರಿಂದ ಜನ ಒಡೆದು ನೋಡಿದರು, ಒಳಗೆ ಹೇಳಿದ ವಸ್ತು ಇಲ್ಲದ್ದನ್ನು ಕಂಡರು. ವನಸ್ಪತಿ ತುಪ್ಪ ಕನ್ನಡದಲ್ಲಿ ನೆಲೆಯೂರಲಿಲ್ಲ. ಅಂಗಡಿಯಲ್ಲಿ ಜನ ಡಾಲ್ಡಾ ಎಂದರು, ವನಸ್ಪತಿ ಎಂದರು, ತುಪ್ಪವನ್ನು ಅದರ ಬಾಲಕ್ಕೆ ಕಟ್ಟಲಿಲ್ಲ.